ಅವ್ವನ ಮಾತೊಂದು ಬಿಟ್ಟು

ಹೊಸ ವರ್ಷದ ದಿನ ಬೆಳಗಿನಿಂದ ಸಂಜೆಯವರೆಗೆ ಒಂದೇ ಒಂದು ಹಾಡೂ ಹಾಕದೆ ಬರೀ ಮಾತನ್ನೇ ಬಿತ್ತರಿಸಬೇಕೆಂದು ನಮ್ಮ ಕಡೆಯ ಒಂದು ರೇಡಿಯೋದವರು ತೀರ್ಮಾನಿಸಿದ್ದರು. ಯಾವ ಪುಣ್ಯಾತ್ಮನ ತಲೆಯಲ್ಲಿ ಹುಟ್ಟಿದ ಯೋಚನೆಯೋ, ಅವನ ಹೊಟ್ಟೆ ತಣ್ಣಗಿರಲಿ. ಆ ದಿನವಿಡೀ ನಾನು ಹುಣಸೂರು ತಾಲ್ಲೂಕಿನ ನನ್ನ ತವರೂರಿನಲ್ಲಿ, ಅಪ್ಪನ ಹೊಗೆಸೊಪ್ಪಿನ ಶೆಡ್ಡಿನಲ್ಲಿ, ಅವ್ವನ ಪಕ್ಕ ಕೂತು ಆ ಮಾತುಗಳನ್ನೆಲ್ಲ ಕೇಳಿದೆ. ಅದಾಗಿ ಎರಡು ವರ್ಷವಾಯಿತು. ಇವತ್ತಿಗೂ ರೇಡಿಯೋ ಕಂಡರೆ ಎತ್ತಿ ಗೋಡೆಗೆ ಅಪ್ಪಳಿಸುವಷ್ಟು ಸಿಟ್ಟು ಬರುತ್ತದೆ. ರೇಡಿಯೋದ್ದು ಏನೂ ತಪ್ಪಿಲ್ಲ ಅನ್ನುವುದು ಬೇರೆ ಮಾತು.

ನಮ್ಮ ಕಡೆ ಜನವರಿಯೆಂದರೆ ಸೊಪ್ಪು ವಿಂಗಡಿಸುವ ಕಾಲ. ಬ್ಯಾರನ್ನಿನಲ್ಲಿ ಹದ ಮಾಡಿ ಒಣಗಿಸಿದ ಹೊಗೆಸೊಪ್ಪನ್ನು ಹೆಂಗಸರು ಸಾಲಾಗಿ ಕೂತು, ಒಂದೊಂದೇ ಎಲೆ ಎತ್ತಿ, ಬಣ್ಣ ನೋಡಿ ಬೇರೆ ಬೇರೆ ಗುಡ್ಡೆಗೆ ಹಾಕುತ್ತಾರೆ. ಕಣ್ಣಿಗೂ ಕೈಗೂ ಕೆಲಸ. ಕಿವಿಗೂ ಬಾಯಿಗೂ ಪೂರ್ತಿ ಬಿಡುವು. ಅದಕ್ಕೇ ಶೆಡ್ಡಿನ ಕಂಬದ ಮೊಳೆಗೆ ರೇಡಿಯೋ ನೇತು ಹಾಕಿರುತ್ತಾರೆ. ನಮ್ಮದು ಅಪ್ಪ ಕೊಪ್ಪದ ಅಂಗಡಿಯಿಂದ ತಂದ ಕೆಂಪು ಸೆಟ್ಟು. ಅದರ ಏರಿಯಲ್ ಮುರಿದ ಮೇಲೆ ಅವ್ವ ಸೈಕಲ್ ಕಡ್ಡಿಯೊಂದನ್ನು ಸಿಕ್ಕಿಸಿದ್ದಳು.

ಆವತ್ತು ಬೆಳಗ್ಗೆ ಏಳಕ್ಕೇ ಹೆಂಗಸರ ಗೊಣಗಾಟ ಶುರುವಾಯಿತು. ಕೇರಳದ ಗಡಿಗೆ ಹತ್ತಿದ ಕೋಟೆ ತಾಲ್ಲೂಕಿನ ಎನ್. ಬೇಗೂರಿನ ಕಡೆಯಿಂದ ಪ್ರತಿ ವರ್ಷ ಕೆಲಸಕ್ಕೆ ಬರುವ ಮುದುಕಿಯೊಬ್ಬಳಿದ್ದಳು. ಬಾಯಿ ಜೋರು.

"ಇದೇನವ್ವ ಇದು, ಒಸ ವರ್ಸ ಅಂತ ಒಂದ್ ಸಿನಿಮಾ ಆಡು ಬ್ಯಾಡ್ವಾ? ಬೆಳಿಗ್ಗಿಂದ ಬರೀ ವಟವಟ ಅಂತಾವ್ರಲ್ಲ," ಅಂದಳು. "ನಮ್ಮೂರಲ್ಲಿ ತಿರುಗ್ಸುದ್ರೆ ಬರೀ ಮಲಯಾಳ. ಇಲ್ಲಿಗ್ ಬಂದ್ರೆ ಬರೀ ಬಾಸಣ. ನನ್ ಅಣೇಬರ."

"ಸುಮ್ಕೆ ಕೇಳಮ್ಮಿ," ಅಂದಳು ಅವ್ವ. "ಆಡು ಆಕ್ಬುಟ್ಟಿದ್ರೆ ನಂದು ಎಲ್ಲಿ ಬತ್ತಿತ್ತು?"

ಅವ್ವ ಆ ದಿನ ತಲೆಗೆ ನೀರು ಹಾಕಿಕೊಂಡು, ನನ್ನ ಮದುವೆಯಲ್ಲಿ ಉಟ್ಟಿದ್ದ ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟು ಬಂದು ಸೊಪ್ಪಿನ ಮುಂದೆ ಕೂತಿದ್ದಳು. ಸೊಪ್ಪಿನ ಅಂಟು ಬಟ್ಟೆಗೆ ಹತ್ತಿದರೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಹರಕು ನೈಟಿಯ ಮೇಲೆ ಗಂಡಸರ ಹಳೇ ಅಂಗಿ ಹಾಕಿಕೊಂಡು ಕೂರುವ ಜಾಗ ಅದು. ಹೆಂಗಸರು ಕಿಸಿಕಿಸಿ ನಕ್ಕರು. "ರೇಡಿಯೋದಲ್ಲಿ ಸೀರೆ ಕಾಣಕ್ಕಿಲ್ಲ ಕಣಕ್ಕೋ," ಅಂತ ಒಬ್ಬಳು ರೇಗಿಸಿದಳು. ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. ಹದಿನೈದು ದಿನದಿಂದ ಬೀದಿಯಲ್ಲಿ ಸಿಕ್ಕವರಿಗೆಲ್ಲ ಅವಳು ಹೇಳಿಟ್ಟಿದ್ದಳು: "ಒಸ ವರ್ಸದ ದಿನ ರೇಡಿಯೋ ಆಕ್ರಪ್ಪ. ಅದೇ ಯೋಳ್ತದೆ. ಆಮ್ಯಾಕೆ ಆಡ್ಕಳಿ ನನ್ನ."

ಅದು ಹೇಳಬೇಕಾಗಿದ್ದದ್ದು ಒಂದೇ ಸಂಗತಿ. ಮೂವತ್ತು ವರ್ಷದ ಹಿಂದೆ ನಮ್ಮ ಬ್ಯಾರನ್ನಿಗೆ ಬೆಂಕಿ ಬಿದ್ದಾಗ ಅವ್ವ ನಿದ್ದೆ ಮಾಡುತ್ತಿರಲಿಲ್ಲ ಅನ್ನುವುದು.

ಬ್ಯಾರನ್ ಅಂದರೆ ಸೊಪ್ಪನ್ನು ಶಾಖಕ್ಕಿಡುವ ಎತ್ತರದ ಮನೆ. ಒಳಗೆ ಕಡ್ಡಿಗಳಿಗೆ ಕಟ್ಟಿದ ಸೊಪ್ಪು ಮಾಡಿನಿಂದ ಕೆಳಗಿನವರೆಗೆ ಇಳಿಬಿದ್ದಿರುತ್ತದೆ. ಹೊರಗಿನ ಒಲೆಗೆ ಸೌದೆ ಹಾಕಿದರೆ ಬಿಸಿ ಒಳಗಿನ ತಗಡಿನ ಪೈಪುಗಳಲ್ಲಿ ಸುತ್ತುತ್ತದೆ. ಒಣಗಿದ ಒಂದು ಎಲೆ ಕಳಚಿ ಕಾದ ಪೈಪಿನ ಮೇಲೆ ಬಿತ್ತೋ, ಕಥೆ ಮುಗಿಯಿತು. ಅದಕ್ಕೇ ಪೈಪಿನ ಮೇಲೆ ತಂತಿಯ ಜಾಲರಿ ಹೊದಿಸಿರುತ್ತಾರೆ. ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತಿರುವ ವಿಚಾರ.

ಆ ವರ್ಷ ಅಪ್ಪ ಕೋಳಿ ಸಾಕಲು ಹೊರಟರು. ಗೂಡು ಕಟ್ಟುವಾಗ ಜಾಲರಿ ಸಾಲದೆ ಬಂತು. ಹುಣಸೂರಿಗೆ ಹೋಗಿ ಒಂದು ಮಾರು ಜಾಲರಿ ತರುವುದಕ್ಕೆ ಮೈಗಳ್ಳತನ. ಸೊಪ್ಪು ತುಂಬುವ ಹಿಂದಿನ ದಿನ ಬ್ಯಾರನ್ನಿಗೆ ನುಗ್ಗಿ, ಮೂಲೆಯ ಪೈಪಿನ ಮೇಲಿದ್ದದ್ದನ್ನೇ ಬಿಚ್ಚಿ ತಂದು ಗೂಡಿಗೆ ಹೊಡೆದರು. "ಆ ಮೂಲೆಗೆ ಯಾವ ಎಲೆ ಬೀಳ್ತದೆ, ಬುಡು," ಅಂದರು. ಅವರು ಮೊಳೆ ಹೊಡೆಯುವಾಗ ಇನ್ನೊಂದು ತುದಿಯನ್ನು ಎಳೆದು ಹಿಡಿದುಕೊಂಡಿದ್ದವಳು ನಾನು. ನನಗಾಗ ಹನ್ನೊಂದು ವರ್ಷ. ತಂತಿ ತಗುಲಿ ಅಂಗೈ ಕುಯ್ದು ರಕ್ತ ಬಂದಿತ್ತು. ಹೊಲದಲ್ಲಿದ್ದ ಅವ್ವನಿಗೆ ಸಂಜೆ, ಗೂಡಿನ ಜಾಲರಿ ಹಿಡಿದಾಗ ಕುಯ್ದಿತು ಅಂತಷ್ಟೇ ಹೇಳಿದ್ದೆ. ಮಾರನೆಯ ದಿನ ಸೊಪ್ಪು ಏರಿಸುವ ಗಡಿಬಿಡಿಯಲ್ಲಿ ಮೂಲೆಯನ್ನು ಯಾರೂ ನೋಡಲಿಲ್ಲ.

ಐದನೆಯ ದಿನ, ಮಟಮಟ ಮಧ್ಯಾಹ್ನ ಬೆಂಕಿ ಬಿತ್ತು. ಒಲೆಯ ಮುಂದೆ ಇದ್ದವಳು ಅವ್ವ. ಅಪ್ಪ ಊರ ಮುಂದಿನ ಹೋಟೆಲಿನಲ್ಲಿದ್ದರು. ನಾನು ಜಗಲಿಯ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದೆ. ಅವ್ವ ಸೌದೆ ನೂಕುತ್ತಿದ್ದದ್ದನ್ನೂ, ನಡುನಡುವೆ ಎದ್ದು ಹೋಗಿ ಶಾಖ ನೋಡಿ ಬರುತ್ತಿದ್ದದ್ದನ್ನೂ ನಾನು ನನ್ನ ಈ ಕಣ್ಣುಗಳಿಂದ ಕಂಡಿದ್ದೇನೆ. ವಾಸನೆ ಮೊದಲು ಹಿಡಿದವಳೂ ಅವಳೇ. ಬಾಗಿಲು ಒದ್ದುಕೊಂಡು ಒಳಗೆ ನುಗ್ಗಿ, ಕೈಗೆ ಸಿಕ್ಕ ಕಡ್ಡಿಗಳನ್ನೆಲ್ಲ ಹೊರಗೆ ಎಳೆದು ಹಾಕಿದಳು. ಎಡಗೈ ಮೊಣಕೈಯವರೆಗೆ ಬೆಂದುಹೋಯಿತು. ಬ್ಯಾರನ್ ಉಳಿಯಲಿಲ್ಲ.

ಊರು ಸೇರಿತು. ಅಪ್ಪ ಓಡಿ ಬಂದವರೇ ಹೇಳಿದ ಮೊದಲ ಮಾತು, "ತೂಕಡಿಸ್ಬುಟ್ಯೇನೇ?" ಅಷ್ಟೇ ಸಾಕಾಯಿತು. ಅವ್ವ ಸುಟ್ಟ ಕೈಯಲ್ಲೇ, ಒಳಗೆ ನುಗ್ಗಿದಾಗ ಜಾಲರಿಯಿಲ್ಲದೆ ಕಂಡ ಆ ಮೂಲೆಯನ್ನು ತೋರಿಸಿದಳು, ಕೋಳಿಗೂಡನ್ನು ತೋರಿಸಿದಳು, ಕೂಗಾಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಯೋಳವ್ವ, ನೀನೇ ಅಲ್ವಾ ಜಾಲರಿಯ ಇಡ್ಕಂಡಿದ್ದೋಳು? ಕೈ ತೋರ್ಸು ಇವ್ರಿಗೆ." ನಾನು ಅಪ್ಪನ ಮುಖ ನೋಡಿದೆ. ಅಂಗೈ ಮುಚ್ಚಿಕೊಂಡೆ. ಅಪ್ಪನ ತಾಯಿ, ನಮ್ಮಜ್ಜಿ, "ಗಂಡನ್ ಮ್ಯಾಲೇ ಯೋಳ್ತೀಯೇನೇ, ನಾಚ್ಕೆಗೆಟ್ಟೋಳೇ," ಅಂತ ಅವ್ವನ ಬಾಯಿ ಮುಚ್ಚಿಸಿದರು.

ಅಲ್ಲಿಂದಾಚೆಗೆ ಅದು ಅಪ್ಪನ ಬಾಯಲ್ಲಿ ತಮಾಷೆಯ ಕಥೆಯಾಯಿತು. ಬೀಗರೂಟದಲ್ಲಿ, ಹಾಲಿನ ಡೈರಿಯ ಮುಂದೆ, ನನ್ನ ಮದುವೆಯ ಮಾತುಕತೆಯಲ್ಲೂ ಕೂಡ. "ನಮ್ಮನೆಯೋಳು ಒಂದ್ ಗಳಿಗೆ ಕಣ್ ಮುಚ್ಚುದ್ಲು, ಬ್ಯಾರನ್ ಬೂದಿ" ಅನ್ನುವುದು, ಎಲ್ಲರೂ ಗೊಳ್ಳೆಂದು ನಗುವುದು. ಹೊಸ ಬ್ಯಾರನ್ ಎದ್ದ ಮೇಲೆ ಅವ್ವನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ವಾಸನೆಯಲ್ಲೇ ಸೊಪ್ಪಿನ ಹದ ಹೇಳುತ್ತಿದ್ದವಳು ಅವಳು. ಊರಲ್ಲಿ ಯಾವ ಹೆಂಗಸು ಆಕಳಿಸಿದರೂ ಅವಳ ಹೆಸರೆತ್ತಿ ಅಣಕಿಸುತ್ತಿದ್ದರು. ಅವ್ವ ಮತ್ತೆ ಆ ಮಾತೆತ್ತಲಿಲ್ಲ. ನನ್ನನ್ನೂ ಏನೂ ಕೇಳಲಿಲ್ಲ. ಸಣ್ಣ ಮಗು, ಹೆದರಿಕೊಂಡಿತು ಅಂತ ಬಿಟ್ಟುಬಿಟ್ಟಿದ್ದಳು ಅನ್ನಿಸುತ್ತದೆ.

ಮೂವತ್ತು ವರ್ಷದ ಮೇಲೆ, ಡಿಸೆಂಬರಿನಲ್ಲಿ, ರೇಡಿಯೋದ ಹೆಣ್ಣುಮಗಳೊಬ್ಬಳು ಯಂತ್ರ ಹಿಡಿದು ನಮ್ಮ ಮನೆಗೆ ಬಂದಳು. ಹಳೆಯ ಬೆಳೆಗಾರರೆಂದು ಅಪ್ಪನನ್ನು ಮಾತಾಡಿಸುವುದಕ್ಕೆ. ಕಾಫಿ ಕೊಡಲು ಬಂದ ಅವ್ವನ ಕೈಯ ಕಲೆ ನೋಡಿ, ಇದೇನಮ್ಮ ಅಂದಿದ್ದಾಳೆ. ಅಪ್ಪ ಡೈರಿಗೆ ಹೋದ ಮೇಲೆ ಹಿತ್ತಲಲ್ಲಿ ಕೂರಿಸಿಕೊಂಡು ಅವ್ವನನ್ನೂ ಮಾತಾಡಿಸಿದ್ದಾಳೆ. ಅವ್ವ ಒಂದೂ ಬಿಡದೆ ಹೇಳಿದ್ದಾಳೆ. ತುಕ್ಕು ಹಿಡಿದ ಕೋಳಿಗೂಡನ್ನು ತೋರಿಸಿದ್ದಾಳೆ; ಅದು ಇನ್ನೂ ಅಲ್ಲೇ ಇತ್ತು, ಅದೇ ಜಾಲರಿಯ ಸಮೇತ.

ಆ ಸಂಜೆ ಅವ್ವ ನನಗೆ ಫೋನ್ ಮಾಡಿದ್ದಳು. ಅವಳ ದನಿಯಲ್ಲಿ ಅಂಥ ಸಡಗರ ನಾನು ಕೇಳಿರಲೇ ಇಲ್ಲ. "ಎಲ್ಲಾನೂವೆ ಯೋಳ್ಬುಟ್ಟೆ ಕಣವ್ವ. ನಿನ್ನೂ ಸಾಕ್ಸಿಗ್ ಕರ್ದಿವ್ನಿ. ನನ್ನ ಮಗಳೇ ಇಡ್ಕಂಡಿದ್ಲು, ಅವಳನ್ನೇ ಕೇಳ್ರಿ ಅಂತ ನಿನ್ ನಂಬರ್ ಕೊಟ್ಟಿವ್ನಿ. ನಾನು ಯೋಳುದ್ರೆ ಯಾರ್ ನಂಬ್ತಾರೆ? ರೇಡಿಯೋ ಯೋಳುದ್ರೆ ಯಾವನೂ ಇಲ್ಲ ಅನ್ನಂಗಿಲ್ಲ." ಅವ್ವನಿಗೆ ರೇಡಿಯೋ ಅಂದರೆ ಅಂಥ ನಂಬಿಕೆ. ಮಳೆ ಬರುತ್ತದೆ ಅಂತ ಅದು ಹೇಳಿದರೆ ಬಿಸಿಲಲ್ಲೂ ಸೌದೆ ಒಳಗೆ ಹಾಕಿಸುತ್ತಿದ್ದಳು.

ನಾಲ್ಕು ದಿನ ಬಿಟ್ಟು ಆ ಹೆಣ್ಣುಮಗಳು ನನಗೆ ಫೋನ್ ಮಾಡಿದಳು. ನಾನು ಕೆ.ಆರ್. ನಗರದ ಒಂದು ಶಾಲೆಯಲ್ಲಿ ಟೀಚರ್. ಎರಡು ಪೀರಿಯಡ್ಡಿನ ನಡುವೆ, ಕೈಯಲ್ಲಿ ಸೀಮೆಸುಣ್ಣ ಹಿಡಿದೇ ಮಾತಾಡಿದೆ. ಅವಳು ಬಹಳ ಮರ್ಯಾದೆಯಿಂದ ಕೇಳಿದಳು: "ಮೇಡಂ, ನಿಮ್ಮ ತಂದೆಯವರು ಒಂದು ರೀತಿ ಹೇಳ್ತಾರೆ, ತಾಯಿಯವರು ಇನ್ನೊಂದು ರೀತಿ ಹೇಳ್ತಾರೆ. ನೀವು ನೋಡಿದ್ದೀರಂತೆ. ನೀವು ಹೌದು ಅಂದ್ರೆ ಅಮ್ಮನ ಮಾತನ್ನೇ ಹಾಕ್ತೀನಿ. ನನಗೂ ಅದೇ ಇಷ್ಟ."

ಹೌದು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು?

ಅಪ್ಪ ಆ ವರ್ಷ ಡೈರಿಯ ಅಧ್ಯಕ್ಷರು. ನನ್ನನ್ನು ಓದಿಸಿದವರು ಅವರೇ, ಕೆಲಸಕ್ಕೆ ಓಡಾಡಿದವರೂ ಅವರೇ. ರೇಡಿಯೋದಲ್ಲಿ ಊರ ಮುಂದೆ ಅವರ ಮಾನ ಹೋದರೆ ಮನೆಯಲ್ಲಿ ರಣರಂಗ, ನನಗೆ ತವರಿನ ಬಾಗಿಲು ಬಂದ್. ಇದೆಲ್ಲ ಆಮೇಲೆ ಹುಡುಕಿಕೊಂಡ ಕಾರಣಗಳು. ಆ ಹೊತ್ತಿಗೆ ಬಂದದ್ದು ಬರೀ ಹೇಡಿತನ. "ಅಯ್ಯೋ, ಅದನ್ನೆಲ್ಲ ಹಾಕ್ಬೇಡಿ ಮೇಡಂ," ಅಂದೆ. "ಅಮ್ಮನಿಗೆ ವಯಸ್ಸಾಯ್ತು, ಮರೆವು. ಏನೇನೋ ಸೇರಿಸಿ ಮಾತಾಡ್ತಾರೆ. ಅಪ್ಪ ಹೇಳಿದ್ದೇ ಸರಿ." ಬೆಲ್ಲು ಹೊಡೆಯಿತು. ಏಳನೇ ತರಗತಿಗೆ ಹೋಗಿ ಪಾಠ ಮಾಡಿದೆ. ಚೆನ್ನಾಗಿಯೇ ಮಾಡಿದೆ.

ಇದೆಲ್ಲ ಗೊತ್ತಿದ್ದೂ ಹೊಸ ವರ್ಷದ ದಿನಕ್ಕೆ ರಜೆ ಹಾಕಿ, ಹಿಂದಿನ ಸಂಜೆಯೇ ಊರಿಗೆ ಹೋದೆ. ಅವ್ವ ಬಿಡಲಿಲ್ಲ. "ನೀನು ನನ್ ಪಕ್ಕದಲ್ಲೇ ಕುಂತ್ಕಂಡು ಕೇಳ್ಬೇಕು," ಅಂತ ಮೂರು ಸಲ ಫೋನ್ ಮಾಡಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ, ಕರೆಂಟು ಹೋಗಲಿ, ಬ್ಯಾಟರಿ ಸಾಯಲಿ, ಆ ಕಾರ್ಯಕ್ರಮವೇ ರದ್ದಾಗಲಿ ಅಂತ ಬೇಡಿಕೊಂಡೆ. ಅವ್ವ ಹೊಸ ಬ್ಯಾಟರಿ ತರಿಸಿದ್ದಳು.

ಹನ್ನೊಂದಕ್ಕೆ ಬರಬೇಕಾಗಿದ್ದದ್ದು ಬರಲಿಲ್ಲ. ಬೆಳಗ್ಗೆ ಯಾರೋ ದೊಡ್ಡವರು ಹೊಸ ವರ್ಷದ ಸಂಕಲ್ಪದ ಮೇಲೆ ಮಾತಾಡಿದ್ದರು; ಸತ್ಯ ನುಡಿಯಬೇಕು, ಬೇಗ ಏಳಬೇಕು ಅಂತ. ಆಮೇಲೆ ಡಾಕ್ಟರರ ಜೊತೆ ಫೋನ್ ಕಾರ್ಯಕ್ರಮ ಶುರುವಾಯಿತು. ಪಿರಿಯಾಪಟ್ಟಣದಿಂದ ಯಾರೋ ಮಂಡಿನೋವು ಅಂತ ಹಿಡಿದುಕೊಂಡವರು ಬಿಡಲೇ ಇಲ್ಲ. "ನಿನ್ ಮಂಡಿ ಸೇದೋಗ, ಇಡೋ ಪೋನ," ಅಂತ ಅವ್ವ ರೇಡಿಯೋಗೇ ಬೈದಳು. ನಮ್ಮ ಕಾರ್ಯಕ್ರಮ ಮೂರು ಗಂಟೆಗೆ ಎಂದು ಹೇಳಿದರು. ಕಾಲೇಜು ಹುಡುಗರು ಮೊಬೈಲು ಒಳ್ಳೆಯದೋ ಕೆಟ್ಟದ್ದೋ ಅಂತ ಕಚ್ಚಾಡಿದರು. ಒಂದು ಅತ್ತೆ ಸೊಸೆ ನಾಟಕ ಬಂತು. ನಿವೃತ್ತ ಅರಣ್ಯ ನೌಕರರೊಬ್ಬರು ಕಾಕನಕೋಟೆಯ ಆನೆಗಳ ನೆನಪು ಹೇಳಿದರು; ಕೋಟೆಯ ಮುದುಕಿಗೆ ಅದೊಂದು ಹಿಡಿಸಿತು, "ಆಗ್ಲಿಂದ ಇವ್ನೊಬ್ನೇ ಮನ್ಸ ಮಾತಾಡ್ದಂಗ್ ಮಾತಾಡ್ದೋನು" ಅಂದಳು. ಒಂದೊಂದು ಮುಗಿದಾಗಲೂ ಅವ್ವ, "ಇದಾದ್ಮ್ಯಾಕೆ ನಂದೇಯ" ಅನ್ನುತ್ತಿದ್ದಳು. ಊಟಕ್ಕೂ ಏಳಲಿಲ್ಲ. ಎರಡು ತುತ್ತು ಮುದ್ದೆಯನ್ನು ಶೆಡ್ಡಿಗೇ ತರಿಸಿಕೊಂಡು ನುಂಗಿದಳು.

ಮೂರಕ್ಕೆ ಬಂತು. ಶೆಡ್ಡಿನ ಬಾಗಿಲಲ್ಲಿ ಅಕ್ಕಪಕ್ಕದ ಹತ್ತು ಜನ ನಿಂತಿದ್ದರು. ಅಪ್ಪ ಹೊರಗೆ ಕುರ್ಚಿ ಹಾಕಿಸಿಕೊಂಡು, ಡೈರಿಯ ಇಬ್ಬರನ್ನು ಕೂರಿಸಿಕೊಂಡು, ಮೊಬೈಲಿನಲ್ಲಿ ಅದನ್ನೇ ಹಚ್ಚಿದ್ದರು. ಅಪ್ಪನ ದನಿ ಒಳಗೂ ಹೊರಗೂ ಒಟ್ಟಿಗೆ ಕೇಳಿಸಿತು. ಬೀಜ, ಗೊಬ್ಬರ, ಹಿಂದಿನ ಕಾಲ. ಆಮೇಲೆ ಅದೇ ಕಥೆ. "ನಮ್ಮನೆಯೋರು ಒಂದ್ ಗಳಿಗೆ ತೂಕಡಿಸ್ಬುಟ್ರು ಕಣ್ರವ್ವ, ಬ್ಯಾರನ್ ಬೂದಿ. ಅವತ್ತಿಂದ ನಾನೇ ಎಚ್ಚರವಾಗಿರ್ತೀನಿ." ರೇಡಿಯೋದ ಹೆಣ್ಣುಮಗಳು ಸಣ್ಣಗೆ ನಕ್ಕಳು. ಆಮೇಲೆ ಅಪ್ಪ, ದೇವರಾಣೆಗೂ, ಈ ಮಾತು ಹೇಳಿದರು: "ರೈತ ಬಾಂಧವ್ರಿಗೆ ನಾನು ಯೋಳದು ಇಷ್ಟೇಯ, ಪೈಪಿನ ಮ್ಯಾಲೆ ಜಾಲರಿ ಇಲ್ದೆ ಯಾವತ್ತೂ ಬೆಂಕಿ ಆಕ್ಬ್ಯಾಡಿ."

ಅವ್ವ ಎಲೆ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. "ಈಗ ನಂದು," ಅಂದಳು ಮೆಲ್ಲಗೆ. ಬಾಗಿಲಲ್ಲಿ ನಿಂತವರು ಅವಳನ್ನೇ ನೋಡುತ್ತಿದ್ದರು.

ಅವಳ ದನಿ ಬಂತು ಕೂಡ. ಅಪ್ಪನ ಮಾತಿನ ಹಿಂದೆ, ದೂರದಿಂದ, "ಕಾಪಿ ಕುಡೀರವ್ವ, ಆರೋಯ್ತದೆ." ಅಷ್ಟೇ. ಶೆಡ್ಡಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. "ಬಂತಲ್ಲಕ್ಕೋ ನಿನ್ ಬಾಸಣ!" ಅಂದಳು ಒಬ್ಬಳು. ಅವ್ವನೂ ಸುಳ್ಳುಸುಳ್ಳೇ ನಕ್ಕಳು. "ಇನ್ನೂ ಮುಗ್ದಿಲ್ಲ, ತಡೀರಿ," ಅಂದಳು.

ರೇಡಿಯೋದ ಹೆಣ್ಣುಮಗಳು ಮುಗಿಸುವ ಮಾತು ಶುರುಮಾಡಿದಳು. ಅವರಿಗೆ ವಂದನೆ, ಇವರಿಗೆ ವಂದನೆ. "ಹಾಗೆಯೇ, ಅಂದಿನ ಬೆಂಕಿಯ ವಿವರಗಳನ್ನು ನಮಗೆ ಖಚಿತಪಡಿಸಿಕೊಟ್ಟ ಅವರ ಮಗಳು, ಕೆ.ಆರ್. ನಗರದ ಶಿಕ್ಷಕಿಯವರಿಗೂ ನಮ್ಮ ಕೃತಜ್ಞತೆಗಳು." ಆ ಹೆಣ್ಣುಮಗಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅಪ್ಪ ಹೊರಗಿನಿಂದ, "ಕೇಳುದ್ಯಾ ಮಗಳೇ, ನಿನ್ನೂ ಯೋಳುದ್ರು!" ಅಂತ ಕೂಗಿದರು.

ಅವ್ವ ನನ್ನ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಎಲೆಯನ್ನು ತಿರುಗಿಸಿ ನೋಡಿ, ಸರಿಯಾದ ಗುಡ್ಡೆಗೇ ಹಾಕಿದಳು. ಇನ್ನೊಂದು ಎತ್ತಿಕೊಂಡಳು. ಜನ ಕರಗಿದರು. ಕೋಟೆಯ ಮುದುಕಿಗೆ ಏನೋ ಅರ್ಥವಾಗಿರಬೇಕು, ನೀರು ಕುಡಿದು ಬರುತ್ತೇನೆಂದು ಉಳಿದವರನ್ನೂ ಎಬ್ಬಿಸಿಕೊಂಡು ಹೊರಗೆ ಹೋದಳು. ಆಗ ಅವ್ವ ಕೇಳಿದಳು.

"ನಿನ್ನ ಕೇಳಿದ್ರಾ ಅವ್ರು?"

"ಹೂಂ."

"ಏನಂತ ಯೋಳ್ದೆ?"

ಇನ್ನೊಂದು ಸುಳ್ಳು ಹೇಳಬಹುದಾಗಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಅವಳ ಸೀರೆಯ ಸೆರಗಿಗೆ ಸೊಪ್ಪಿನ ಅಂಟು ಕಪ್ಪಗೆ ಹತ್ತಿದ್ದದ್ದು ಕಣ್ಣಿಗೆ ಬಿತ್ತು. "ನಿನಗೆ ಮರೆವು ಅಂದೆ ಅವ್ವ," ಅಂದೆ.

ಅವ್ವ ಬೈಯಲಿಲ್ಲ. ಬೈದಿದ್ದರೆ, ಎರಡು ಬಿಟ್ಟಿದ್ದರೆ, ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. "ಮರೆವಾ?" ಅಂದಳು. "ಮರ್ತಿದ್ರೆ ಎಷ್ಟೋ ಸುಕವಾಗಿರ್ತಿದ್ದೆ ಕಣವ್ವ. ಆವತ್ತು ನೀನು ಅಂಗೈ ಮುಚ್ಕಂಡಿದ್ದೂ ಮರ್ತಿಲ್ಲ ನಾನು." ಎದ್ದು ಹೋಗಿ ರೇಡಿಯೋ ಆರಿಸಿದಳು. ಮೊಳೆಯಿಂದ ತೆಗೆದು, ಅದರ ಸೈಕಲ್ ಕಡ್ಡಿಯನ್ನು ಮಡಿಸಿ, ನನ್ನ ಬ್ಯಾಗಿನೊಳಗೆ ಇಟ್ಟಳು. "ತಕಂಡೋಗು. ಅದು ನೆನ್ಸಿದ್ದು ನಿನ್ನ, ನನ್ನಲ್ಲ."

ಸಂಜೆಯ ಬಸ್ಸಿಗೆ ಹೊರಟಾಗ ಪ್ರತಿ ಸಲದಂತೆ ಅವರೆಕಾಯಿ ತುಂಬಿದ ಚೀಲ ಬಾಗಿಲಲ್ಲಿತ್ತು. ಅವ್ವ ಮಾತ್ರ ಬಸ್ ಸ್ಟಾಪಿನವರೆಗೆ ಬರಲಿಲ್ಲ.

ಮಾರನೆಯ ವಾರ ರೇಡಿಯೋದವರಿಗೆ ಫೋನ್ ಮಾಡಿ ನಿಜ ಹೇಳಿದೆ. ಆ ಹೆಣ್ಣುಮಗಳು, "ಮೇಡಂ, ಅಮ್ಮನ ರೆಕಾರ್ಡಿಂಗ್ ಅಳಿಸಿಬಿಟ್ಟೆ. ನೀವು ಬೇಡ ಅಂದ್ರಲ್ಲ," ಅಂದಳು. ಮತ್ತೆ ಬಂದು ಮಾತಾಡಿಸುತ್ತೇನೆ ಅಂದಳು. ಹೋಗಿಯೂ ಇದ್ದಳಂತೆ. ಅವ್ವ ಅವಳಿಗೆ ಕಾಫಿ ಕೊಟ್ಟು, "ನಂಗೆ ಮರೆವು ಕಣ್ರವ್ವ, ಏನೂ ಗ್ಯಾಪ್ಕ ಇಲ್ಲ" ಅಂತ ಹೇಳಿ ಕಳಿಸಿದ್ದಾಳೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವ್ವನಿಗೆ ಓದಲು ಬರುವುದಿಲ್ಲ, ಅಪ್ಪ ಓದುವುದಿಲ್ಲ. ಯಾರಿಗೆ ಬೇಕೋ ಓದಿಕೊಳ್ಳಿ. ಜಾಲರಿ ಬಿಚ್ಚಿದವರು ಅಪ್ಪ. ಹಿಡಿದುಕೊಂಡವಳು ನಾನು. ಬೆಂಕಿ ಬಿದ್ದಾಗ ಅವ್ವ ಎಚ್ಚರವಾಗಿದ್ದಳು.